ಬರ್ಮಿಂಗ್‌ಹ್ಯಾಮಿಗೆ ಹೊರಟ ಮಗಳಿಗೆ

ಪ್ರೀತಿಯ ಪುಟ್ಟಿ,

ಇದನ್ನು ನಿನ್ನ ಗಿಟಾರ್ ಚೀಲದ ಹೊರಜೇಬಿನಲ್ಲಿ ಇಟ್ಟಿದ್ದೇನೆ. ವಿಮಾನ ನಿಲ್ದಾಣದಲ್ಲಿ ಎದುರು ನಿಂತು ಹೇಳಲು ನನ್ನಿಂದಾಗದು.

ಜೂನ್ ತಿಂಗಳಲ್ಲಿ ನಾವಿಬ್ಬರೂ ಆಡಿದ ಮಾತುಗಳನ್ನು ಮತ್ತೆ ಬರೆಯುವುದಿಲ್ಲ. 2007ರಲ್ಲಿ ಅರಮನೆ ಮೈದಾನಕ್ಕೆ ಐರನ್ ಮೇಡನ್ ಬ್ಯಾಂಡ್ ಬಂದ ಸಂಜೆ, ಅಪ್ಪನ ಹೆಗಲು, ಅದೂ ನಿನಗೆ ನೆನಪಿದೆ. ನನಗೆ ಹೇಳಬೇಕಾಗಿರುವುದು ನಿನ್ನ ಬರ್ಮಿಂಗ್‌ಹ್ಯಾಮಿನ ಬ್ಲ್ಯಾಕ್ ಸಬಾತ್ ಬ್ಯಾಂಡಿನ ಗಿಟಾರ್ ವಾದಕ ಟೋನಿ ಅಯೋಮಿಯ ತಾಯಿಯ ಬಗ್ಗೆ.

ಕಥೆ ನೀನೇ ಹೇಳಿದ್ದು. ಹದಿನೇಳರ ಹುಡುಗ, ಶೀಟ್ ಮೆಟಲ್ ಕಾರ್ಖಾನೆಯಲ್ಲಿ ಕೊನೆಯ ದಿನ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು ಮತ್ತೆ ಹೋಗುವುದಿಲ್ಲ ಎಂದ. ಕೆಲಸ ಮುಗಿಸಿಯೇ ಬಾ ಎಂದು ತಾಯಿ ಕಳುಹಿಸಿದಳು. ವೆಲ್ಡಿಂಗ್ ಮಾಡುತ್ತಿದ್ದವನನ್ನು ಅಂದು ತಗಡು ಒತ್ತುವ ಪ್ರೆಸ್ಸಿಗೆ ಹಾಕಿದರು. ಬಲಗೈಯ ನಡುಬೆರಳು, ಉಂಗುರಬೆರಳುಗಳ ತುದಿ ಹೋಯಿತು. ಎಡಚನಾದ ಅವನು ತಂತಿ ಒತ್ತುತ್ತಿದ್ದುದು ಆ ಕೈಯಿಂದಲೇ.

ಮುಂದಿನದನ್ನು ನೀನು ಕಣ್ಣರಳಿಸಿ ಹೇಳುತ್ತಿದ್ದೆ. ಎರಡು ಬೆರಳು ಸುಟ್ಟಿದ್ದರೂ ಗಿಟಾರ್ ನುಡಿಸುತ್ತಿದ್ದ ಜಾಂಗೋ ರೈನ್‌ಹಾರ್ಟನ ರೆಕಾರ್ಡನ್ನು ಕಾರ್ಖಾನೆಯವರೊಬ್ಬರು ಕೇಳಿಸಿದ್ದು, ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿ ಚರ್ಮ ಅಂಟಿಸಿಕೊಂಡದ್ದು, ಆಮೇಲೆ ತಂತಿಗಳನ್ನೇ ಸಡಿಲಿಸಿ ಶ್ರುತಿ ಇಳಿಸಿದ್ದು. 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಆಲ್ಬಮ್ಮಿನ ಆ ಭಾರವಾದ ನಾದ ಅಲ್ಲಿಂದ ಬಂತು ಎಂದು ನೀನು ನಿಲ್ಲಿಸುತ್ತಿದ್ದೆ. ನಾನು ಮಾತ್ರ ಆ ಮಧ್ಯಾಹ್ನದ ಊಟದಲ್ಲೇ ನಿಂತಿರುತ್ತಿದ್ದೆ.

ಪೀಣ್ಯದ ಪ್ರೆಸ್ ಶಾಪಿನಲ್ಲಿ ಹತ್ತೊಂಬತ್ತು ವರ್ಷ ಲೆಕ್ಕ ಬರೆದವಳು ನಾನು. ಬೆರಳು ಹೋದಾಗ ಮೊದಲು ಕೇಳಿಸುವುದು ಕೂಗಲ್ಲ. ಮಷೀನುಗಳು ಒಂದೊಂದಾಗಿ ನಿಲ್ಲುತ್ತವೆ. ಯಾರೋ ಟವೆಲ್ ಕೇಳುತ್ತಾರೆ. ನಾನು ಇಎಸ್‌ಐ ಫಾರ್ಮ್ ತೆಗೆದು ‘ಯಾವ ಕೈ’ ಎಂಬ ಜಾಗದಲ್ಲಿ ಪೆನ್ನು ಊರಿ ಕುಳಿತಿರುತ್ತಿದ್ದೆ. ಒಮ್ಮೆ ಒಬ್ಬ ಹುಡುಗನ ತಾಯಿ ಗೇಟಿನ ಬಳಿ ಊಟದ ಡಬ್ಬಿ ಹಿಡಿದು ನಿಂತಿದ್ದಳು, ಸುದ್ದಿ ತಿಳಿಯದೆ. ಅವಳ ಕೈಯಿಂದ ಡಬ್ಬಿ ತೆಗೆದುಕೊಂಡವಳು ನಾನು. ಇನ್ನೂ ಬಿಸಿಯಿತ್ತು. ಅಯೋಮಿಯ ತಾಯಿ ಆ ರಾತ್ರಿ ಮಗನಿಗೆ ಏನು ಬಡಿಸಿರಬಹುದು? ತಾನೇ ಕಲಸಿ ತಿನ್ನಿಸಿದಳೇ? ಮಗನ ಹಾಡು ಕೇಳುವಾಗಲೆಲ್ಲ ಅವಳ ಕಣ್ಣು ಯಾವ ಬೆರಳಿನ ಮೇಲಿರುತ್ತಿತ್ತು?

ಜೂನ್‌ನಲ್ಲಿ ನಾನು ಹೇಳಿದ್ದೂ ಅದೇ ಮಾತು. ನೋಟಿಸ್ ಅವಧಿ ಮುಗಿಸಿಯೇ ಹೊರಡು ಎಂದೆ. ನೀನು ಅವರ ಕಾರ್ಯಕ್ರಮದ ಟಿಕೆಟ್ಟನ್ನು ಗೆಳತಿಗೆ ಬಿಟ್ಟುಕೊಟ್ಟೆ. ಜುಲೈ 5ರಂದು ಬರ್ಮಿಂಗ್‌ಹ್ಯಾಮಿನ ವಿಲ್ಲಾ ಪಾರ್ಕ್ ಕ್ರೀಡಾಂಗಣದಲ್ಲಿ ಇಪ್ಪತ್ತು ವರ್ಷಗಳ ಮೇಲೆ ಬ್ಲ್ಯಾಕ್ ಸಬಾತ್‌ನ ಮೂಲ ನಾಲ್ವರು ಒಟ್ಟಿಗೆ ನುಡಿಸಿದರು. ಗಾಯಕ ಆಜ಼ಿ ಆಸ್ಬರ್ನ್ ಕಪ್ಪು ಸಿಂಹಾಸನದಲ್ಲಿ ಕುಳಿತೇ ಹಾಡಿದ. ನೀನು ಲ್ಯಾಪ್‌ಟಾಪಿನಲ್ಲಿ ನೋಡಿದೆ. 22ರಂದು ಆತ ತೀರಿಕೊಂಡ. ನೀನು ಅಡುಗೆಮನೆಗೆ ಬಂದು ಸುದ್ದಿ ಹೇಳಿ, ಪಾತ್ರೆ ತೊಳೆದಿಟ್ಟು ಮಲಗಿದೆ. ಒಂದು ಮಾತೂ ಆಡಲಿಲ್ಲ.

ತಪ್ಪಾಯಿತು, ಪುಟ್ಟಿ. ಆದರೂ ಒಪ್ಪಿಕೊಂಡ ಕೆಲಸವನ್ನು ಅರ್ಧಕ್ಕೆ ಬಿಡಬಾರದೆಂದು ಈಗಲೂ ನಂಬುತ್ತೇನೆ. ಅಲ್ಲಿಯೂ ಹಾಗೇ ನಡೆದುಕೋ. ಬಾಡಿಗೆ ಕರಾರನ್ನು ಪೂರ್ತಿ ಓದದೆ ಸಹಿ ಹಾಕಬೇಡ. ರಾತ್ರಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ರಸ್ತೆಯಲ್ಲಿ ನಡೆಯಬೇಡ. ಪ್ರಯೋಗಾಲಯದಲ್ಲಿ ಗಾರ್ಡ್ ತೆಗೆದ ಯಂತ್ರದ ಹತ್ತಿರ ಹೋಗಬೇಡ, ಯಾರೇ ಹೇಳಲಿ, ಪ್ರೊಫೆಸರೇ ಹೇಳಲಿ. ಕ್ಷಮೆ ಕೇಳಲು ಕುಳಿತವಳು ಮತ್ತೆ ಪಾಠ ಹೇಳುತ್ತಿದ್ದೇನೆ.

ನೀನು ಸ್ವಂತ ದುಡ್ಡು ಕೂಡಿಸಿ ಹೊರಟಿದ್ದೀಯೆಂದು ನಮ್ಮ ಶಾಪಿನಲ್ಲಿ ಎಲ್ಲರಿಗೂ ಹೇಳಿದ್ದೇನೆ, ಗೇಟಿನ ವಾಚ್‌ಮನ್‌ಗೂ. ಬ್ರಾಡ್ ಸ್ಟ್ರೀಟಿನ ಸೇತುವೆಯ ಮೇಲೆ ಆ ನಾಲ್ವರ ಮುಖವಿರುವ ಬೆಂಚಿದೆ ಎಂದಿದ್ದೆಯಲ್ಲ, ಅಲ್ಲಿ ಕುಳಿತು ಒಂದು ಫೋಟೋ ಕಳುಹಿಸು.

ಚಟ್ನಿಪುಡಿಯ ಡಬ್ಬಿ ಕೆಂಪು ಸೂಟ್‌ಕೇಸಿನಲ್ಲಿದೆ. ಮುಚ್ಚಳ ಬಿಗಿ. ಚಾಕು ಹಾಕಿ ಎಬ್ಬಬೇಡ, ಚಮಚದ ಹಿಡಿಯಿಂದ ತೆಗೆ.

ನಿನ್ನ
ಅಮ್ಮ