ಗೆಳೆಯಾ, ನೀನು ಬಾಟಲಿ ಅಲ್ಲಾಡಿಸಿದ್ದಕ್ಕಲ್ಲ

ಗೆಳೆಯಾ,

ಹೇಗಿದ್ದೀಯಾ? ಇಲ್ಲಿ ಶಿವಮೊಗ್ಗದಲ್ಲಿ ಮಳೆ ಹಿಡಿದು ಹನ್ನೊಂದು ದಿನ ಆಯ್ತು. ಕರೆಂಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅದಕ್ಕೇ ಬ್ಯಾಟರಿ ಏರ್ ಪಂಪ್ ಪಕ್ಕದಲ್ಲಿಟ್ಟುಕೊಂಡು ಹಾಲ್‌ನಲ್ಲೇ ಮಲಗುತ್ತಿದ್ದೇನೆ. ನಮ್ಮ ಹಾಲ್‌ನಲ್ಲಿ ಈಗ 60 ಲೀಟರ್ ಸಮುದ್ರ ಇದೆ.

ಹೌದು, ಕೊನೆಗೂ ಉಪ್ಪುನೀರಿನ ತೊಟ್ಟಿ ಇಟ್ಟೆ. ನಲ್ಲಿಯಲ್ಲಿ ಬರುವ ತುಂಗೆಯ ನೀರನ್ನೇ ಆರ್‌ಒ ಫಿಲ್ಟರಿನಲ್ಲಿ ಹಾಯಿಸಿ, ಲೀಟರಿಗೆ ಹೆಚ್ಚುಕಡಿಮೆ 35 ಗ್ರಾಂ ಲೆಕ್ಕದಲ್ಲಿ ಅಕ್ವೇರಿಯಂ ಉಪ್ಪು ಬೆರೆಸಿದೆ. ಅಡುಗೆ ಉಪ್ಪು ಆಗಲ್ಲ, ಸಮುದ್ರದಲ್ಲಿರುವ ಮೆಗ್ನೀಸಿಯಂ, ಕ್ಯಾಲ್ಸಿಯಂ ಎಲ್ಲ ಅದರಲ್ಲಿ ಎಲ್ಲಿ ಬರಬೇಕು? ಎರಡು ಕೇಜಿಗಿಂತ ಜಾಸ್ತಿ ಹಿಡಿಯಿತು. ಇಷ್ಟು ಉಪ್ಪಿಗೆ ಒಂದು ಭರಣಿ ಮಿಡಿ ಹಾಕಬಹುದಿತ್ತು ಅಂದರು ಅಮ್ಮ. ಆಮೇಲೆ ಆರು ವಾರ ಮೀನಿಲ್ಲದ ತೊಟ್ಟಿ ನೋಡುತ್ತ ಕೂತೆ. ಮೀನಿನ ಕಸದಿಂದ ಅಮೋನಿಯಾ ಹುಟ್ಟುತ್ತದೆ, ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷ. ಇನ್ನೊಂದು ಬಗೆಯದು ಅದನ್ನು ನೈಟ್ರೇಟ್ ಮಾಡಿದ ಮೇಲೇ ತೊಟ್ಟಿಗೆ ಮೀನು ಬಿಡಬಹುದು. ಇವೆಲ್ಲ ಕಲ್ಲಿನ ಮೇಲೆ ಕೂತು ಸಂಸಾರ ಹೂಡುವ ತನಕ ಕಾಯಲೇಬೇಕು.

ಯಾರಿಗಾಗಿ ಅಂತ ನಿನಗೆ ಗೊತ್ತು. ಕಡಲಕುದುರೆಗೆ. ಅದು ನಿಂತೇ ಈಜುವ ಜೀವ ಅಂತ ಎತ್ತರದ ತೊಟ್ಟಿ ಹುಡುಕಿದೆ. ಬಾಲ ಸುತ್ತಿಕೊಳ್ಳಲು ಕಡ್ಡಿಗಳನ್ನು ನೆಟ್ಟೆ. ಅದಕ್ಕೆ ಜಠರವೇ ಇಲ್ಲ, ತಿಂದದ್ದು ಬೇಗ ಇಳಿದುಹೋಗುತ್ತದೆ, ಹಾಗಾಗಿ ದಿನಕ್ಕೆ ಹಲವು ಸಲ ಪುಟ್ಟ ಸೀಗಡಿ ಕೊಡಬೇಕು ಅಂತ ಅದನ್ನೂ ಗೊತ್ತುಮಾಡಿಕೊಂಡೆ. ಒಬ್ಬ ಅಂಗಡಿಯವನು "ತರಿಸಿಕೊಡ್ತೀನಿ ಸಾರ್, ಬಿಲ್ ಮಾತ್ರ ಕೇಳಬೇಡಿ" ಅಂದ. ಬಿಲ್ ಯಾಕಿಲ್ಲ ಅಂತ ಹುಡುಕಿದರೆ, 2001ರಿಂದ ನಮ್ಮ ದೇಶದಲ್ಲಿ ಕಡಲಕುದುರೆಗೆ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಹಿಡಿಯುವುದು, ಮಾರುವುದು ಅಪರಾಧ. ಇದು ಗೊತ್ತಾದ ಮೇಲೂ ನಾಲ್ಕು ದಿನ ನಾನು ಅವನಿಗೆ ಬೇಡ ಅನ್ನಲಿಲ್ಲ.

ಐದನೇ ದಿನ ತೊಟ್ಟಿಗೆ ನೀರು ಸೇರಿಸುತ್ತಿದ್ದೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ, ಅದಕ್ಕೆ ಆಗಾಗ ಒಂದು ಲೋಟ ಸಿಹಿನೀರು ಹಾಕಬೇಕು. ಅಷ್ಟೇ ಹಾಕಬೇಕು. ಉಪ್ಪು ತೀರಾ ಇಳಿದರೆ ಒಳಗಿರುವ ಜೀವದ ಮೈಗೆ ನೀರು ನುಗ್ಗಿ ಸಾಯುತ್ತದೆ. ಓದಿ ಗೊತ್ತಿದ್ದ ವಿಷಯವೇ. ಆವತ್ತು ಮಾತ್ರ ಲೋಟ ಕೈಯಲ್ಲೇ ಉಳಿಯಿತು.

1997ರ ಬೇಸಿಗೆ ರಜೆ. ಗಂಗೊಳ್ಳಿ ದಕ್ಕೆಯಲ್ಲಿ ಬಲೆ ಬಿಡಿಸುತ್ತಿದ್ದವರು ಕೊಟ್ಟ ಕಡಲಕುದುರೆ, ಅಗಲ ಬಾಯಿಯ ಬಾಟಲಿ, ಒಳಗೊಂದು ಹಿಡಿಕಡ್ಡಿ. ಹುಲಿಕಲ್ ಘಾಟಿಯಲ್ಲಿ ಬಸ್ ನಿಂತಾಗ ನೀನು ಆ ಕಡೆ ಹೋಗಿದ್ದೆ. ಬಾಟಲಿಯಲ್ಲಿದ್ದ ಕಡಲನೀರು ನಾರುತ್ತಿತ್ತು. ನಾನು ಅದನ್ನು ಪೂರ್ತಿ ಚೆಲ್ಲಿ, ರಸ್ತೆ ಪಕ್ಕದ ಅಬ್ಬಿ ನೀರು ತುಂಬಿಸಿದೆ. ತಣ್ಣಗಿನ, ಕನ್ನಡಿಯಂಥ ನೀರು. ಅದಕ್ಕೆ ಒಳ್ಳೆಯದೇ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಮಾಸ್ತಿಕಟ್ಟೆ ದಾಟುವಷ್ಟರಲ್ಲಿ ಕುದುರೆ ವಾಲಿತು. ಹೊಸನಗರಕ್ಕೆ ಬಂದಾಗ ಸತ್ತಿತ್ತು. ಬಾಲ ಮಾತ್ರ ಕಡ್ಡಿಗೆ ಸುತ್ತಿಕೊಂಡೇ ಇತ್ತು. ಬಿಡಿಸಲು ಉಗುರು ಹಾಕಬೇಕಾಯಿತು, ಬೆರಳಿಗೆ ಸಣ್ಣ ಸಣ್ಣ ಎಲುಬಿನ ಬಳೆಗಳು ಒಂದೊಂದಾಗಿ ಸಿಕ್ಕವು.

ಮನೆಯಲ್ಲಿ ಕೇಳಿದಾಗ ನಾನು ಹೇಳಿದ್ದು, "ಇವನು ತಿರುವಿನಲ್ಲೆಲ್ಲ ಬಾಟಲಿ ಅಲ್ಲಾಡಿಸಿದ." ನೀನು ಇಲ್ಲ ಅನ್ನಲಿಲ್ಲ. ರಾತ್ರಿ ನೀನು ಊಟ ಬಿಟ್ಟೆ. ಹೋದ ವರ್ಷ ನಿನ್ನ ಮಗಳು ಮೀನು ಬೇಕು ಅಂದಾಗಲೂ "ನನ್ನ ಕೈಯಲ್ಲಿ ಮೀನು ಉಳಿಯಲ್ಲ ಪುಟ್ಟಾ" ಅಂದೆಯಲ್ಲ ನೀನು, ಆಗ ನಾನು ಪಕ್ಕದಲ್ಲೇ ಕೂತು ಕಾಫಿ ಕುಡಿಯುತ್ತಿದ್ದೆ.

ನೀನು ಅಲ್ಲಾಡಿಸಿದ್ದಕ್ಕಲ್ಲ ಮಾರಾಯ. ನಾನು ನೀರು ಬದಲಿಸಿದ್ದಕ್ಕೆ. ಏನೂ ಗೊತ್ತಿಲ್ಲದೆ ಮಾಡಿದೆ ಅಂತ ಇಷ್ಟು ವರ್ಷ ಒಳಗೊಳಗೇ ಹೇಳಿಕೊಂಡಿದ್ದೇನೆ. ಆದರೆ ನೀರು ಬದಲಿಸಿದ್ದನ್ನು ಯಾರಿಗೂ ಹೇಳದೆ ಮುಚ್ಚಿಟ್ಟೆ ಅಂದರೆ, ಆ ವಯಸ್ಸಿನಲ್ಲೂ ಎಲ್ಲೋ ಗೊತ್ತಿತ್ತು ಅಂತ ತಾನೇ?

ಫೋನ್ ಮಾಡಿ ಹೇಳಬಹುದಿತ್ತು. ಆದರೆ ಆವತ್ತು ನಿನ್ನ ಮೇಲೆ ತಪ್ಪು ಹೊರಿಸಿದ್ದು ಜಗಲಿ ತುಂಬ ಜನ ಇದ್ದಾಗ. ಅವರಲ್ಲಿ ಅರ್ಧ ಜನ ಇದನ್ನು ಓದುತ್ತಾರೆ. ಅದಕ್ಕೇ ಇಲ್ಲೇ ಬರೆದೆ.

ಸರಿ, ಇದು ಜಾಸ್ತಿಯೇ ಆಯ್ತು. ಅಂಗಡಿಯವನಿಗೆ ಬೇಡ ಅಂದೆ. ಹ್ಯಾಚರಿಯಲ್ಲೇ ಹುಟ್ಟಿದ ಎರಡು ಕ್ಲೌನ್ ಮೀನು ತಂದಿದ್ದೇನೆ. ಬೆಳಿಗ್ಗೆ ಲೈಟ್ ಹಾಕಿದರೆ ಗಾಜಿನ ಹತ್ತಿರ ಓಡಿಬರುತ್ತವೆ. ಹೆಸರಿಡುವ ಕೆಲಸ ನಿನ್ನ ಮಗಳಿಗೆ ಬಿಟ್ಟಿದ್ದು. ಶನಿವಾರ ಅವಳನ್ನು ಕರ್ಕೊಂಡು ಬಾ. ಕೆಸುವಿನ ಎಲೆ ಚೆನ್ನಾಗಿ ಬಂದಿದೆ, ಅಮ್ಮ ಪತ್ರೊಡೆ ಮಾಡ್ತಾರೆ. ಮೀನಿಗೆ ಊಟ ಅವಳೇ ಹಾಕಲಿ. ಡಬ್ಬಿ ನೀನು ಹಿಡಿದುಕೋ.