ಭಾನುವಾರ ಬೆಳಿಗ್ಗೆ ಹಾರೆ, ಗುದ್ದಲಿ ತನ್ನಿ

ಎಲ್ಲರಿಗೂ ನಮಸ್ಕಾರ. ಹೊಸ ರಸ್ತೆಯಾಗಿ ದೂಳು ಕಡಿಮೆಯಾಯ್ತು, ಖುಷಿನೇ. ಆದರೆ ನಮ್ಮ ಬೀದಿಯ ಮರಗಳ ಬುಡ ನೋಡಿದ್ರಾ? ಸಿಮೆಂಟು ಕಾಂಡಕ್ಕೇ ಅಂಟಿಕೊಂಡಿದೆ. ಮೂಲೆ ಮನೆ ಮುಂದಿನ ಬೇವಿನ ಮರಕ್ಕೆ ನಿನ್ನೆ ಒಂದು ಕೊಡ ನೀರು ಹಾಕಿದೆ, ಒಂದು ಹನಿನೂ ಇಂಗಲಿಲ್ಲ, ಸೀದಾ ಚರಂಡಿಗೆ ಹೋಯಿತು. ಬೇರಿಗೆ ನೀರಷ್ಟೇ ಅಲ್ಲ, ಗಾಳಿಯೂ ಬೇಕು. ಎರಡೂ ಸಿಗದಿದ್ರೆ ಮರ ಮೇಲಿಂದ ಒಣಗುತ್ತಾ ಬರುತ್ತದೆ, ಆಮೇಲೆ ಒಂದು ಜೋರು ಮಳೆಗಾಳಿಗೆ ಯಾರದೋ ಕಾರಿನ ಮೇಲೆ ಬೀಳುತ್ತದೆ, ಆಗ ನಾವೇ 'ಮರ ಅಪಾಯ, ಕಡಿಸಿ' ಅಂತೀವಿ. ಅಲ್ವಾ?

2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿಯಲ್ಲಿ ಮರದ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಲು ಹೇಳಿತ್ತು. ದಾವಣಗೆರೆಯ ಬಿಸಿಲಿಗೆ ಇಷ್ಟಾದರೂ ಬೇಡವೇ? ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳ ಪಟ್ಟಿಯಲ್ಲೇ ಇದ್ದವರು ನಾವು!

ಪಾಲಿಕೆಗೆ ಅರ್ಜಿ ಬರೆದಿಟ್ಟಿದ್ದೀನಿ. ಒಪ್ಪಿಗೆ ಸಿಕ್ಕರೆ ಭಾನುವಾರ 7ಕ್ಕೆ ಶುರು, ಇಲ್ಲದಿದ್ರೆ ಶನಿವಾರವೇ ಇಲ್ಲಿ ತಿಳಿಸ್ತೀನಿ. ಬೇರಿಗೆ ಪೆಟ್ಟು ಬೀಳದ ಹಾಗೆ ನಿಧಾನವಾಗಿ ಒಡೆಯಬೇಕು, ಮಷೀನು ಬೇಡ.

ಇನ್ನೊಂದು. ಸೈಟ್ ಒಳಗಿನ ಮರ ನಮ್ಮದೇ, ಕಡಿದರೆ ಯಾರು ಕೇಳ್ತಾರೆ ಅಂತ ಮೊನ್ನೆ ಒಬ್ಬರು ಬರೆದಿದ್ರು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಕೇಳುತ್ತದೆ ಸ್ವಾಮಿ. ನೀಲಗಿರಿಯಂಥ ಕೆಲವು ಜಾತಿ ಬಿಟ್ಟು ಉಳಿದದ್ದಕ್ಕೆ ವೃಕ್ಷಾಧಿಕಾರಿಯ ಅನುಮತಿ ಬೇಕು.

ಬರುವವರು ಹೆಸರು ಹಾಕಿ. ಸುಮ್ನೆ ಹೆಬ್ಬೆರಳು ತೋರಿಸಿ ಕೂರಬೇಡಿ. ಕೆಲಸ ಮುಗಿದ ಮೇಲೆ ಬೆಣ್ಣೆ ದೋಸೆ ನನ್ನ ಲೆಕ್ಕ.