ಬೆಂಡೆಕಾಯಿಯ ತುದಿ ಮುರಿಯುವ ಚಟ

ಮಾನ್ಯರೇ,

ತರಕಾರಿ ಕೊಳ್ಳುವಾಗ ಬೆಂಡೆಕಾಯಿಯ ತುದಿ ಮುರಿದು ನೋಡುವ ಅಭ್ಯಾಸವನ್ನು ಗ್ರಾಹಕರಾದ ನಾವು ಬಿಡಬೇಕು. ಮೊನ್ನೆ ದೇವರಾಜ ಮಾರುಕಟ್ಟೆಯಲ್ಲಿ ಒಬ್ಬರು ಹತ್ತಿಪ್ಪತ್ತು ಕಾಯಿಗಳನ್ನು ಲಟಕ್ ಲಟಕ್ ಎಂದು ಮುರಿದರು. ಕೊನೆಗೆ ತೂಕಕ್ಕೆ ಹಾಕಿಸಿದ್ದು ಬರೀ ಕಾಲು ಕೆಜಿ. ಬೇಡವಾದವನ್ನು ರಾಶಿಗೇ ಎಸೆದು ಹೊರಟರು. ತುದಿ ಮುರಿದ ಬೆಂಡೆ ಬೇಗ ಬಾಡುತ್ತದೆ, ಮುರಿದ ಜಾಗ ಕಪ್ಪಾಗುತ್ತದೆ. ಆಮೇಲೆ ಅದನ್ನು ಯಾರು ಮುಟ್ಟುತ್ತಾರೆ? ನಷ್ಟ ಮಾರುವವರಿಗೇ ಅಲ್ವಾ?

ಹೂಕೋಸಿನ ಎಲೆ ಕಿತ್ತು, ಈರುಳ್ಳಿ ಸಿಪ್ಪೆ ಉದುರಿಸಿ ತಕ್ಕಡಿಗೆ ಹಾಕುವವರೂ ಇದ್ದಾರೆ. ವ್ಯಾಪಾರಿಗಳು ಆ ಎಲೆ, ಸಿಪ್ಪೆಗೂ ದುಡ್ಡು ಕೊಟ್ಟೇ ತಂದಿರುತ್ತಾರೆ. ಮೊದಲೆಲ್ಲ ನನ್ನ ಕೈಯೂ ಸುಮ್ನೆ ಇರುತ್ತಿರಲಿಲ್ಲ, ಒಪ್ಪಿಕೊಳ್ಳುತ್ತೇನೆ.

ಎಳೆಯದೋ ಬಲಿತದ್ದೋ ತಿಳಿಯಲು ಮುರಿಯಲೇಬೇಕೆಂದಿಲ್ಲ. ಜಾಸ್ತಿ ಉದ್ದವಿಲ್ಲದ ಕಾಯಿಯನ್ನು ಆರಿಸಿ ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಸಾಕು, ನಾರು ಬಂದಿದ್ದರೆ ಗಟ್ಟಿ ಎನಿಸುತ್ತದೆ. ವ್ಯಾಪಾರಿಗಳೂ ಒಂದೆರಡು ಕಾಯಿ ತಾವೇ ಮುರಿದು ರಾಶಿಯ ಮೇಲೆ ಇಟ್ಟಿರಲಿ. ಪರೀಕ್ಷೆ ಮಾಡಲೇಬೇಕು ಎನ್ನುವವರು ಅದನ್ನೇ ನೋಡಿಕೊಳ್ಳಲಿ.

– ಒಬ್ಬ ಗ್ರಾಹಕಿ, ಮೈಸೂರು